ಗೊರಕೆ ನಿಂತರೆ ಅವಳಿಗೆ ಎಚ್ಚರ

ಆ ವಿಡಿಯೊ ಇರುವುದು 1 ನಿಮಿಷ 40 ಸೆಕೆಂಡು. ಕತ್ತಲಲ್ಲಿ ತೆಗೆದದ್ದು, ಹಾಗಾಗಿ ಕಾಣುವುದು ಅಷ್ಟಕ್ಕಷ್ಟೇ. ಫೋನಿನ ಬೆಳಕಿಗೆ ನನ್ನ ಗದ್ದ, ಅರ್ಧ ತೆರೆದ ಬಾಯಿ, ಹೊದಿಕೆಯ ಅಂಚು. ಮೊದಲು ಗೊರಕೆ, ಪಕ್ಕದ ಕೋಣೆಗೂ ಕೇಳಿಸುವಂಥದ್ದು. ಆಮೇಲೆ ಏನೂ ಇಲ್ಲ. ಶಬ್ದ ಪೂರ್ತಿ ನಿಂತುಬಿಡುತ್ತದೆ. ಹೊಟ್ಟೆ ಏಳುತ್ತಾ ಬೀಳುತ್ತಾ ಇದೆ, ಎದೆ ಒಳಕ್ಕೆ ಜಗ್ಗುತ್ತಿದೆ, ಉಸಿರು ಮಾತ್ರ ಬರುತ್ತಿಲ್ಲ. ಫೋನ್ ಹಿಡಿದಿದ್ದ ನನ್ನ ಹೆಂಡತಿ ಮೆಲ್ಲಗೆ ಎಣಿಸುವುದು ಕೇಳುತ್ತದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಇಪ್ಪತ್ತಾರಕ್ಕೆ ಬಂದಾಗ ನಾನು ನೀರಿನಿಂದ ತಲೆ ಎತ್ತಿದವನ ಹಾಗೆ ಖೊರ್ ಅಂತ ಉಸಿರೆಳೆದುಕೊಂಡು, ಮಗ್ಗುಲು ಬದಲಿಸಿ, ಮತ್ತೆ ಗೊರಕೆ ಶುರು ಮಾಡುತ್ತೇನೆ.

ಅವಳು ಇದನ್ನು ನನಗೆ ಎಷ್ಟೋ ಸಲ ಹೇಳಿದ್ದಳು. "ನೀವು ಗೊರಕೆ ಹೊಡೀತಿದ್ರೆ ನನಗೆ ನಿದ್ದೆ ಬರುತ್ತೆ ರೀ, ಅಭ್ಯಾಸ ಆಗಿಹೋಗಿದೆ. ನಿಂತರೆ ಎಚ್ಚರ ಆಗುತ್ತೆ." ನಾನು ನಕ್ಕು ಸುಮ್ಮನಾಗುತ್ತಿದ್ದೆ. ಗೊರಕೆ ಅಂದರೆ ನಮ್ಮಲ್ಲಿ ತಮಾಷೆಯ ವಿಷಯ ತಾನೇ. ಗಟ್ಟಿಯಾಗಿ ಗೊರಕೆ ಹೊಡೆಯುವವನನ್ನು ನೋಡಿ "ಎಂಥಾ ಸುಖನಿದ್ದೆ ನೋಡು" ಅನ್ನುತ್ತೇವೆ. ಆ ಮಾತು ಎಷ್ಟು ತಪ್ಪು ಅಂತ ನನಗೆ ಗೊತ್ತಾಗಿದ್ದು 47ನೇ ವಯಸ್ಸಿನಲ್ಲಿ, ಅದೂ ಗಂಟಲು ನೋಡುವ ಡಾಕ್ಟರ ಹತ್ತಿರ ಅಲ್ಲ, ಹೃದಯದ ಡಾಕ್ಟರ ಹತ್ತಿರ.

ನನ್ನದು ಬಿಪಿ ಕೇಸು. ಮೊದಲು ಒಂದು ಮಾತ್ರೆ ಕೊಟ್ಟರು. ವರ್ಷದೊಳಗೆ ಎರಡಾಯಿತು. ಮೂರನೆಯದಾಗಿ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆಯೂ ಸೇರಿತು. ಆದರೂ ಪ್ರತಿ ಸಲ 150ರ ಮೇಲೆಯೇ, ಕೆಳಗಿನದು 95ರ ಆಸುಪಾಸು. ಮಾತ್ರೆ ಸರಿಯಾಗಿ ನುಂಗುತ್ತಿಲ್ಲ ಅಂತ ಮೊದಲಿನ ಡಾಕ್ಟರಿಗೆ ಗುಮಾನಿ. ಉಪ್ಪು ಬಿಟ್ಟಿಲ್ಲ ಅಂತ ಮನೆಯವರಿಗೆ ಗುಮಾನಿ. ಎರಡೂ ಸುಳ್ಳು. ನಾನು ಮಾತ್ರೆಯ ಡಬ್ಬಿಯಲ್ಲಿ ವಾರದ ಏಳು ಖಾನೆ ತುಂಬಿಸಿಟ್ಟು ನುಂಗುವ ಮನುಷ್ಯ. ಅಷ್ಟು ಶಿಸ್ತಾಗಿದ್ದೂ ಬೈಸಿಕೊಳ್ಳುವುದಿದೆಯಲ್ಲ, ಅದರಷ್ಟು ಸಿಟ್ಟು ಬರಿಸುವುದು ಬೇರೆ ಇಲ್ಲ.

ಎಕೋ ಮಾಡಿಸಿದಾಗ ಹೃದಯದ ಎಡಭಾಗದ ಗೋಡೆ ಸ್ವಲ್ಪ ದಪ್ಪವಾಗಿದೆ ಅಂತ ಬಂತು. ಆ ರಿಪೋರ್ಟು ಹಿಡಿದುಕೊಂಡು ಹೋಗಿದ್ದು ಇನ್ನೊಬ್ಬ ಕಾರ್ಡಿಯಾಲಜಿಸ್ಟ್ ಹತ್ತಿರ. ಆಕೆ ರಿಪೋರ್ಟು ನೋಡಿ ಪಕ್ಕಕ್ಕಿಟ್ಟರು. ನನ್ನನ್ನು ನೋಡಿದರು, ಅದರಲ್ಲೂ ನನ್ನ ಕತ್ತನ್ನು. ಆಮೇಲೆ ಕೇಳಿದ್ದು ಮೂರೇ ಪ್ರಶ್ನೆ. ಗೊರಕೆ ಹೊಡೀತೀರಾ? ಹಗಲು ಕೂತಲ್ಲೇ ಜೊಂಪು ಹತ್ತುತ್ತಾ? ರಾತ್ರಿ ಎಷ್ಟು ಸಲ ಬಾತ್‌ರೂಮಿಗೆ ಏಳ್ತೀರಿ?

"ಸ್ವಲ್ಪ, ಸ್ವಲ್ಪ, ಮೂರು ಸಲ" ಅಂದೆ.

"ಸ್ವಲ್ಪ ಅಂತೆ!" ಅಂತ ಪಕ್ಕದಲ್ಲಿದ್ದ ಹೆಂಡತಿ ಫೋನ್ ತೆಗೆದಳು. ಆ ವಿಡಿಯೊ ನಾನು ಮೊದಲು ನೋಡಿದ್ದು ಅಲ್ಲೇ, ಡಾಕ್ಟರ ಮೇಜಿನ ಮೇಲೆ, ಮೂರು ಜನ ಬಗ್ಗಿ ನೋಡುತ್ತಾ. ಡಾಕ್ಟರ್ ಏನೂ ಮಾತಾಡದೆ ಟೇಪು ತೆಗೆದು ನನ್ನ ಕತ್ತಿನ ಸುತ್ತಳತೆ ಅಳೆದರು. 43 ಸೆಂಟಿಮೀಟರ್. 40 ದಾಟಿದರೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುವ ಕಾಯಿಲೆ, ಇದೆಯೇನೋ ಅಂತ ಅನುಮಾನ ಪಡಬೇಕಂತೆ. ಅಂಗಿಯ ಕಾಲರ್ ಬಿಗಿಯಾಗುತ್ತಿದೆ ಅಂತ ನಾನು ಅಂಗಿ ಬದಲಿಸುತ್ತಿದ್ದೆ, ಅಷ್ಟೇ.

ಅಲ್ಲಿಂದ ಸ್ಲೀಪ್ ಸ್ಟಡಿ. ಅಂದರೆ ನಿದ್ದೆಯ ಪರೀಕ್ಷೆ, ಒಂದು ರಾತ್ರಿ ಪರೀಕ್ಷೆಯ ಕೋಣೆಯಲ್ಲೇ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ಅಂಟು ಹಚ್ಚಿ ವಯರು ಅಂಟಿಸುತ್ತಾರೆ. ಎದೆಗೊಂದು ಹೊಟ್ಟೆಗೊಂದು ಬೆಲ್ಟು. ಮೂಗಿನ ಕೆಳಗೆ ಸಣ್ಣ ಪೈಪು, ಬೆರಳಿಗೆ ಕೆಂಪು ದೀಪದ ಕ್ಲಿಪ್ಪು. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಮಾಡು ಅಂದರೆ ಯಾರಿಗೆ ಬರುತ್ತೆ? "ನನಗೆ ಈವತ್ತು ನಿದ್ದೆ ಬರಲ್ಲಪ್ಪ, ನಿಮ್ಮ ಟೆಸ್ಟು ಹಾಳು" ಅಂದೆ ಟೆಕ್ನಿಷಿಯನ್ ಹುಡುಗನಿಗೆ. ಅವನು ನಕ್ಕು "ಎಲ್ಲರೂ ಹಾಗೇ ಹೇಳ್ತಾರೆ ಸರ್" ಅಂದು ಲೈಟು ಆರಿಸಿ ಹೋದ. ನಾನು ಆರು ನಿಮಿಷಕ್ಕೆ ನಿದ್ದೆ ಹೋಗಿದ್ದೆನಂತೆ. ಇದು ಹೆಮ್ಮೆಯ ವಿಷಯ ಅಂದುಕೊಂಡಿದ್ದೆ, ಅಲ್ಲ. ತಲೆ ಇಟ್ಟ ಕೂಡಲೇ ನಿದ್ದೆ ಹತ್ತುವುದು ನಿದ್ದೆಗೆಟ್ಟವರ ಲಕ್ಷಣ.

ರಾತ್ರಿ ಎರಡರ ಹೊತ್ತಿಗೆ ಅವನೇ ಬಂದು ಎಬ್ಬಿಸಿದ. ಅಲ್ಲಿಯವರೆಗಿನ ಲೆಕ್ಕವೇ ಸಾಕಾಗಿತ್ತು, ಉಳಿದ ರಾತ್ರಿ ಸಿಪ್ಯಾಪ್ ಹಾಕಿ ನೋಡೋಣ ಅಂದ. ಮೂಗಿಗೆ ಮಾಸ್ಕು, ಅದಕ್ಕೊಂದು ಉದ್ದದ ಕೊಳವೆ, ಕೊಳವೆಯ ಆ ತುದಿಗೆ, ಗಂಟಲು ಮುಚ್ಚದ ಹಾಗೆ ಗಾಳಿ ಒತ್ತುವ ಸಣ್ಣ ಮೆಷಿನ್. ಬಾಯಿ ತೆರೆದರೆ ಮೂಗಿನಿಂದ ಹೋದ ಗಾಳಿ ಬಾಯಿಂದ ಬುಸ್ ಅಂತ ಹೊರಗೆ ಬರುತ್ತದೆ, ನಗು ಬಂತು. ಆದರೆ ಬೆಳಗ್ಗೆ ಎದ್ದಾಗ ಒಂದು ವಿಚಿತ್ರ ಆಯಿತು. ನನಗೆ ಕನಸು ಬಿದ್ದಿತ್ತು. ಉದ್ದದ, ಬಣ್ಣಬಣ್ಣದ, ತಲೆಬುಡವಿಲ್ಲದ ಕನಸು. ಕನಸು ಬಿದ್ದು ಎಷ್ಟು ವರ್ಷ ಆಗಿತ್ತು ಅಂತ ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಕನಸು ಬೀಳುವ ಆ ಹಂತದಲ್ಲಿ ಗಂಟಲಿನ ಸ್ನಾಯು ಇನ್ನೂ ಸಡಿಲವಾಗುತ್ತದೆ, ಉಸಿರು ಜಾಸ್ತಿ ಕಟ್ಟುವುದೂ ಆಗಲೇ, ಹಾಗಾಗಿ ನಿಮಗೆ ಅದು ಸಿಗುತ್ತಲೇ ಇರಲಿಲ್ಲ ಅಂತ ಡಾಕ್ಟರ್ ಆಮೇಲೆ ಹೇಳಿದರು.

ರಿಪೋರ್ಟಿನಲ್ಲಿ ಗಂಟೆಗೆ 42 ಅಂತಿತ್ತು. 10 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತರೆ, ಇಲ್ಲವೇ ಆಕ್ಸಿಜನ್ ಇಳಿಯುವಷ್ಟು ಕಮ್ಮಿಯಾದರೆ, ಅದು ಒಂದು ಲೆಕ್ಕ. ಗಂಟೆಗೆ 5ರೊಳಗಿದ್ದರೆ ಪರವಾಗಿಲ್ಲ. 15ರವರೆಗೆ ಸಣ್ಣದು, 30ರವರೆಗೆ ಮಧ್ಯಮ, ಅದರಾಚೆ ಜೋರು. 42 ಅಂದರೆ ಒಂದೂವರೆ ನಿಮಿಷಕ್ಕೊಂದು ಸಲ. ಆಕ್ಸಿಜನ್ ಗೆರೆಯನ್ನು ತೋರಿಸಿದರು. ನೇರವಾಗಿ ಹೋಗಬೇಕಾದ ಗೆರೆ ಗರಗಸದ ಹಲ್ಲಿನ ಹಾಗೆ ಇಳಿದು ಏರಿ, ಇಳಿದು ಏರಿ. ಒಂದು ಕಡೆ 71ಕ್ಕೆ ಮುಟ್ಟಿತ್ತು. ಎರಡು ಗಂಟೆಯಿಂದ ಈಚೆ, ಮಾಸ್ಕು ಹಾಕಿದ ಮೇಲೆ, ಅದೇ ಗೆರೆ ಮಟ್ಟಗೋಲು ಇಟ್ಟು ಎಳೆದ ಹಾಗೆ.

ಸರಿ, ಗಂಟಲು ಮುಚ್ಚಿದರೆ ಹೃದಯಕ್ಕೇನು ಅಂತ ಕೇಳಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಮುಚ್ಚುತ್ತದೆ. ಎದೆಗೆ ಅದು ಗೊತ್ತಿಲ್ಲ, ಅದು ಉಸಿರು ಎಳೆಯುತ್ತಲೇ ಇರುತ್ತದೆ. ಬಾಯಿ ಮೂಗು ಗಟ್ಟಿಯಾಗಿ ಮುಚ್ಚಿಕೊಂಡು ಜೋರಾಗಿ ಉಸಿರೆಳೆಯಲು ನೋಡಿ, ಎದೆಯೊಳಗೆ ಒಂದು ಜಗ್ಗು ಗೊತ್ತಾಗುತ್ತದಲ್ಲ, ಆ ಜಗ್ಗು ಹೃದಯದ ಗೋಡೆಗಳನ್ನೂ ಹೊರಕ್ಕೆ ಎಳೆಯುತ್ತದೆ. ಅಷ್ಟರಲ್ಲಿ ರಕ್ತದ ಆಕ್ಸಿಜನ್ ಇಳಿಯುತ್ತದೆ. ಮಿದುಳು ಗಾಬರಿಬಿದ್ದು ನಮ್ಮನ್ನು ಎಬ್ಬಿಸುತ್ತದೆ, ನಮಗೇ ಗೊತ್ತಾಗದಷ್ಟು ಸಣ್ಣ ಎಚ್ಚರ. ನಾಯಿ ಅಟ್ಟಿಸಿಕೊಂಡು ಬಂದರೆ ಮೈಯಲ್ಲಿ ಏನೇನು ಆಗುತ್ತೋ ಅದೆಲ್ಲ ಆಗುತ್ತದೆ. ರಕ್ತನಾಳ ಬಿಗಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಚಂಗನೆ ಏರುತ್ತದೆ. ಗಂಟಲು ತೆರೆಯುತ್ತದೆ, ಖೊರ್. ಒಂದೂವರೆ ನಿಮಿಷ ಬಿಟ್ಟು ಮತ್ತೆ ನಾಯಿ.

ಸಾಮಾನ್ಯವಾಗಿ ನಿದ್ದೆಯಲ್ಲಿ ಬಿಪಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯುತ್ತದೆ. ಹೃದಯಕ್ಕೆ ದಿನದಲ್ಲಿ ಸಿಗುವ ಬಿಡುವೇ ಅದು. ನನಗೆ 24 ಗಂಟೆ ತೋಳಿಗೆ ಪಟ್ಟಿ ಕಟ್ಟಿ ನೋಡಿದಾಗ ರಾತ್ರಿಯೂ ಇಳಿದೇ ಇರಲಿಲ್ಲ. ಹೀಗೆ ರಾತ್ರಿ ಓಡಿದ ಮೈ ಹಗಲೂ ಅದೇ ಬಿಗಿಯಲ್ಲಿ ಇರುತ್ತದಂತೆ. ಮೂರು ಮಾತ್ರೆಗೂ ಜಗ್ಗದ ಬಿಪಿ ಇರುವವರಲ್ಲಿ ಈ ಕಾಯಿಲೆ ತೀರಾ ಸಾಮಾನ್ಯ ಅಂತ ಡಾಕ್ಟರ್ ಹೇಳಿದಾಗ, ಇಷ್ಟು ವರ್ಷ ಬೈಸಿಕೊಂಡದ್ದೆಲ್ಲ ನೆನಪಾಗಿ ಒಂಥರಾ ಸಮಾಧಾನ ಆಯಿತು, ನಿಜ ಹೇಳಬೇಕೆಂದರೆ.

ನನಗೆ ಜಾಸ್ತಿ ಆಶ್ಚರ್ಯ ಆಗಿದ್ದು ಮಾತ್ರ ಆ ಬಾತ್‌ರೂಮಿನ ಪ್ರಶ್ನೆ. ಮೂರು ಸಲ ಏಳುವುದಕ್ಕೆ ನಾನು ಪ್ರಾಸ್ಟೇಟ್, ಶುಗರ್, ಆ ಮೂತ್ರದ ಮಾತ್ರೆ ಅಂತ ಏನೇನೋ ಅಂದುಕೊಂಡಿದ್ದೆ. ಎದೆಯೊಳಗಿನ ಆ ಜಗ್ಗಿಗೆ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ಹಿಗ್ಗಿದರೆ ರಕ್ತ ಜಾಸ್ತಿಯಾಗಿದೆ ಅಂತ ಹೃದಯ ತಪ್ಪು ತಿಳಿಯುತ್ತದೆ. ನೀರು ಹೊರಹಾಕು ಅಂತ ಕಿಡ್ನಿಗೆ ಒಂದು ಹಾರ್ಮೋನು ಕಳಿಸುತ್ತದೆ. ಅಂದರೆ ಮಧ್ಯರಾತ್ರಿ ನನ್ನನ್ನು ಬಾತ್‌ರೂಮಿಗೆ ಅಟ್ಟುತ್ತಿದ್ದದ್ದು ನನ್ನ ಹೃದಯವೇ! ಮಾಸ್ಕು ಹಾಕಲು ಶುರುಮಾಡಿದ ಎರಡನೇ ವಾರದಿಂದ ನಾನು ಏಳುವುದು ಒಂದೇ ಸಲ, ಕೆಲವು ದಿನ ಅದೂ ಇಲ್ಲ. ಹೀಗೆ ಪದೇ ಪದೇ ಹಿಗ್ಗಿದ ಆ ಕೋಣೆಯಲ್ಲೇ ಬಡಿತ ತಾಳತಪ್ಪುವ ತೊಂದರೆ, ಏಟ್ರಿಯಲ್ ಫಿಬ್ರಿಲೇಷನ್, ಹುಟ್ಟಿಕೊಳ್ಳುವುದು. ನನಗೆ ಅದು ಇನ್ನೂ ಬಂದಿಲ್ಲ. ಬಂದವರಿಗೆ ಚಿಕಿತ್ಸೆ ಮಾಡಿ ತಾಳ ಸರಿಮಾಡಿದರೂ, ಈ ಉಸಿರುಕಟ್ಟನ್ನು ಹಾಗೇ ಬಿಟ್ಟರೆ ಮರಳಿ ಬರುವುದು ಜಾಸ್ತಿಯಂತೆ.

ಮಾಸ್ಕಿನ ಮೊದಲ ತಿಂಗಳು ನರಕ. ಸುಳ್ಳು ಹೇಳುವುದಿಲ್ಲ. ಮೂಗಿನ ಮೇಲೆ ಕೆಂಪು ಗೆರೆ, ಬಾಯಿ ಒಣಗಿ ಕಟ್ಟಿಗೆ, ಮಾಸ್ಕು ಸರಿದರೆ ಕಣ್ಣಿಗೆ ಗಾಳಿ. ಎಷ್ಟೋ ರಾತ್ರಿ ನಿದ್ದೆಗಣ್ಣಲ್ಲೇ ಕಿತ್ತೆಸೆದಿದ್ದೇನೆ. ಬೆಳಗ್ಗೆ ಮೆಷಿನ್ ನೋಡಿದರೆ 2 ಗಂಟೆ 50 ನಿಮಿಷ ಅಂತ ಚಾಡಿ ಹೇಳುತ್ತಿತ್ತು. ಈ ಮೆಷಿನ್ ಮೊದಲು ಮಾಡಿದ್ದು ಆಸ್ಟ್ರೇಲಿಯಾದ ಸಿಡ್ನಿಯ ಕಾಲಿನ್ ಸುಲ್ಲಿವನ್ ಅನ್ನುವ ಡಾಕ್ಟರು, 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಐದು ಜನ ರೋಗಿಗಳ ಬಗ್ಗೆ ಬರೆದರು. ಅಲ್ಲಿಯವರೆಗೆ ನನ್ನಂಥ ಜೋರು ಕೇಸುಗಳಿಗೆ ಇದ್ದ ದಾರಿ ಅಂದರೆ ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಡುವುದು. ಇದನ್ನು ಓದಿದ ರಾತ್ರಿಯಿಂದ ಮಾಸ್ಕಿನ ಮೇಲಿನ ಸಿಟ್ಟು ಸ್ವಲ್ಪ ಕಮ್ಮಿಯಾಯಿತು.

ಓದುತ್ತಾ ಹೋದಾಗ ಇನ್ನೊಂದು ವಿಷಯ ಸಿಕ್ಕಿತು, ಅದು ನನಗೆ ಹಿಡಿಸಲಿಲ್ಲ. 2016ರಲ್ಲಿ ಸೇವ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಹೃದಯದ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಆಗಲೇ ಇದ್ದ 2,700ಕ್ಕೂ ಹೆಚ್ಚು ಜನ, ಅರ್ಧದಷ್ಟು ಜನಕ್ಕೆ ಸಿಪ್ಯಾಪ್, ಉಳಿದವರಿಗೆ ಇಲ್ಲ. ಹಾರ್ಟ್ ಅಟ್ಯಾಕು, ಸ್ಟ್ರೋಕು ಇವುಗಳಲ್ಲಿ ಎರಡು ಗುಂಪಿಗೂ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಈ ಮೂತಿ ಕಟ್ಟಿಕೊಂಡು ಮಲಗುವುದು ಯಾಕೆ? ಡಾಕ್ಟರನ್ನು ಕೇಳಿಯೇಬಿಟ್ಟೆ. ಅವರು ಮುಚ್ಚಿಡಲಿಲ್ಲ. ಆ ಅಧ್ಯಯನದಲ್ಲಿ ಜನ ಮಾಸ್ಕು ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ, ಉಳಿದ ಹೊತ್ತು ಉಸಿರು ಕಟ್ಟುತ್ತಲೇ ಇತ್ತು, ಅದು ಒಂದು ಕಾರಣ ಇರಬಹುದು. ಹಗಲು ವಿಪರೀತ ನಿದ್ದೆ ಬರುವವರನ್ನು ಅದರಲ್ಲಿ ಸೇರಿಸಿಯೇ ಇರಲಿಲ್ಲ. ಹಾರ್ಟ್ ಅಟ್ಯಾಕ್ ತಪ್ಪಿಸುತ್ತೆ ಅಂತ ನಾನು ಬರೆದುಕೊಡಲಾರೆ, ಬಿಪಿ ಇಳಿಯುತ್ತೆ, ಅದೂ ನಿಮ್ಮಂಥ ಹಟಮಾರಿ ಬಿಪಿ ಇದ್ದವರಿಗೆ ಸ್ವಲ್ಪ ಜಾಸ್ತಿ ಇಳಿಯುತ್ತೆ, ಹಗಲು ಎಚ್ಚರ ಇರ್ತೀರಿ, ಗಾಡಿ ಓಡಿಸುವಾಗ ಸಾಯಲ್ಲ ಅಂದರು. ತೂಕ ಇಳಿಸಿ, ಅಂಗಾತ ಮಲಗಬೇಡಿ, ಕುಡಿಯುವುದಿದ್ದರೆ ಬಿಡಿ, ನಿದ್ದೆ ಮಾತ್ರೆ ಮುಟ್ಟಬೇಡಿ ಅಂತಲೂ ಸೇರಿಸಿದರು. ಇಷ್ಟು ನೇರವಾಗಿ ಮಾತಾಡಿದ್ದಕ್ಕೇ ನಾನು ಆವತ್ತಿನಿಂದ ಮಾಸ್ಕು ಕಿತ್ತೆಸೆಯುವುದನ್ನು ಬಿಟ್ಟೆ ಅನಿಸುತ್ತದೆ. ಈಗ ಆರು ಗಂಟೆಗೆ ಕಮ್ಮಿ ಇಲ್ಲ. ಏಳು ಕೆ.ಜಿ. ಇಳಿದಿದ್ದೇನೆ. ಬಿಪಿ 132ರ ಹತ್ತಿರ ಇದೆ, ಮಾತ್ರೆ ಮೂರಿದ್ದದ್ದು ಎರಡಾಗಿದೆ. ಇದರಲ್ಲಿ ಮೆಷಿನ್ ಪಾಲೆಷ್ಟು, ತೂಕದ ಪಾಲೆಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ.

ಇನ್ನೊಂದು ಓದಿದ್ದು ತಲೆಯಲ್ಲೇ ಕೂತಿದೆ. 2005ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು, ಮೊದಲು ಸ್ಲೀಪ್ ಸ್ಟಡಿ ಮಾಡಿಸಿಕೊಂಡಿದ್ದು ಆಮೇಲೆ ಹೃದಯದ ತೊಂದರೆಯಿಂದ ದಿಢೀರ್ ಸತ್ತ 112 ಜನರ ದಾಖಲೆ ನೋಡಿದರು. ಉಸಿರುಕಟ್ಟುವ ಕಾಯಿಲೆ ಇದ್ದವರಲ್ಲಿ ನೂರಕ್ಕೆ 46 ಜನ ಸತ್ತಿದ್ದು ಮಧ್ಯರಾತ್ರಿಯಿಂದ ಬೆಳಗಿನ ಆರರ ಒಳಗೆ. ಇಲ್ಲದವರಲ್ಲಿ 21. ಸಾಮಾನ್ಯವಾಗಿ ಇಂಥ ಸಾವು ಹೆಚ್ಚು ಬರುವುದು ಬೆಳಗ್ಗೆ ಎದ್ದ ಮೇಲೆ, ರಾತ್ರಿ ಕಮ್ಮಿ. ಇವರಲ್ಲಿ ತಿರುವುಮುರುವು.

ಓದುವಾಗ ನೆನಪಾದದ್ದು ನಮ್ಮ ದೊಡ್ಡಪ್ಪ. ಅವರ ಗೊರಕೆಗೆ ಹೆದರಿ ನಾವು ಮಕ್ಕಳು ಬೇರೆ ಕೋಣೆಗೆ ಚಾಪೆ ಎಳೆದುಕೊಂಡು ಹೋಗುತ್ತಿದ್ದೆವು. ಒಂದು ದಿನ ಬೆಳಗ್ಗೆ ಏಳಲೇ ಇಲ್ಲ. "ಪುಣ್ಯಾತ್ಮ, ನಿದ್ದೆಯಲ್ಲೇ ಹೋದ" ಅಂದರು ಬಂದವರೆಲ್ಲ. ಅದು ಇದೇ ಆಗಿತ್ತು ಅಂತ ನಾನು ಹೇಳುತ್ತಿಲ್ಲ, ಯಾರೂ ಅವರನ್ನು ಪರೀಕ್ಷೆ ಮಾಡಿರಲಿಲ್ಲ. ಆದರೆ ದೊಡ್ಡಪ್ಪನದೂ ನನ್ನ ಹಾಗೆ ಗಿಡ್ಡ ಕತ್ತು, ಹಿಂದೆ ಸರಿದ ಗದ್ದ. ನನ್ನ ತಮ್ಮನದೂ.

ತಮ್ಮನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. "ಅಣ್ಣಾ, ನೀನು ಈಗ ಗೊರಕೆ ಡಾಕ್ಟರ್ ಆಗಿಬಿಟ್ಯಾ" ಅಂತ ನಕ್ಕ. ನಾನೂ ಒಂದು ಕಾಲದಲ್ಲಿ ಹೀಗೇ ನಗುತ್ತಿದ್ದೆನಲ್ಲ, ಏನು ಹೇಳಲಿ. ಫೋನನ್ನು ಅವನ ಹೆಂಡತಿಗೆ ಕೊಡಲು ಹೇಳಿದೆ. "ರಾತ್ರಿ ಒಂದೇ ಒಂದು ವಿಡಿಯೊ ತೆಗಿಯಮ್ಮ, ಅವನಿಗೆ ಹೇಳಬೇಡ" ಅಂದೆ. "ಹೂಂ ಭಾವ" ಅಂದಳು, ದನಿ ಸಣ್ಣದಿತ್ತು.

ನಿನ್ನೆ ಬೆಳಗ್ಗೆ ವಿಡಿಯೊ ಬಂತು. 52 ಸೆಕೆಂಡಿನದು. ನಾನೂ ಹೆಂಡತಿಯೂ ಅಡುಗೆಮನೆಯಲ್ಲಿ ನಿಂತುಕೊಂಡೇ ನೋಡಿದೆವು. ಗೊರಕೆ ನಿಂತ ಕೂಡಲೇ ಅವಳು ಬೆರಳು ಮಡಚುತ್ತಾ ಎಣಿಸಲು ಶುರುಮಾಡಿದಳು. ಎರಡು ಕೈಯ ಬೆರಳೂ ಮುಗಿದವು.