ಮೇಪಲ್ ಕಾಡಿನಲ್ಲಿ ಹೊಸತೊಡಕು

ಕೆನಡಾದಲ್ಲಿ ನಾವು ಮಾಡುವ ಹಬ್ಬಗಳಲ್ಲಿ ಕಾಲಕ್ಕೆ ಸರಿಯಾಗಿ ಒದಗುವುದು ಯುಗಾದಿ ಒಂದೇ ಎಂಬುದು ನನ್ನ ವಾದ. ಸಂಕ್ರಾಂತಿಗೆ ಸುಗ್ಗಿಯಿಲ್ಲ, ಹೊರಗೆ ಆಳುದ್ದ ಹಿಮ. ಗಣಪತಿಯನ್ನು ಬಕೆಟ್ಟಿನಲ್ಲೇ ಬಿಡಬೇಕು. ಯುಗಾದಿಯ ಹೊತ್ತಿಗೆ ಮಾತ್ರ ಕ್ವಿಬೆಕ್‌ನ ಮೇಪಲ್ ಮರಗಳಲ್ಲಿ ರಸ ಇಳಿಯುತ್ತಿರುತ್ತದೆ, ಅದನ್ನು ಕಾಯಿಸಿ ಸಿರಪ್ ಎಂಬ ಸಿಹಿ ಪಾಕ ಮಾಡಲು ಕಾಡಿನ ನಡುವೆ ಒಲೆಗಳು ಹೊತ್ತಿರುತ್ತವೆ. ಇದನ್ನು ಬಿಟ್ಟು, ಬಾಡಿಗೆ ಹಾಲ್ ಸಿಕ್ಕಿತೆಂದು ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಮಾವಿನ ತೋರಣ ಕಟ್ಟುವುದು ನನಗೇಕೋ ಒಗ್ಗುವುದಿಲ್ಲ.

2025ರಲ್ಲಿ ವಿಶ್ವಾವಸು ಸಂವತ್ಸರದ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಎಣ್ಣೆಸ್ನಾನ, ಒಣಬೇವಿನ ಪುಡಿಗೆ ಬೆಲ್ಲ, ಒಬ್ಬಟ್ಟು, ಒಬ್ಬಟ್ಟಿನ ಸಾರು ಎಲ್ಲವೂ ಮಾಂಟ್ರಿಯಲ್‌ನ ಮನೆಯಲ್ಲೇ ಆಯಿತು. ಆದರೆ ನಾವು ಮಂಡ್ಯದ ಕಡೆಯವರು, ಮರುದಿನದ ಬಾಡೂಟ, ಅಂದರೆ ಹೊಸತೊಡಕಿಲ್ಲದೆ ಹಬ್ಬ ಮುಗಿಯುವುದಿಲ್ಲ. ಸೋಮವಾರ ಆಫೀಸು, ಸ್ಕೂಲು. ಹಾಗಾಗಿ ಹೊಸತೊಡಕನ್ನು ಶನಿವಾರಕ್ಕೆ ತಳ್ಳಿ, ಊರಿಂದ ಬಂದಿದ್ದ ಅತ್ತೆ ಮಾವನನ್ನೂ, ಪರಿಚಯದ ಒಂದು ಶಿರಸಿ ಸಂಸಾರವನ್ನೂ ಕಟ್ಟಿಕೊಂಡು ರಿಗೋ ಗುಡ್ಡದ ಕಡೆ ಹೊರಟೆವು. ಪಶ್ಚಿಮಕ್ಕೆ ಒಂದು ಗಂಟೆಯ ದಾರಿ. 'ಎಲ್ಲಿಗವ್ವ?' ಎಂದ ಮಾವನಿಗೆ 'ಆಲೆಮನೆಗೆ' ಎಂದಿದ್ದೆ. ಸ್ವಂತ ಆಲೆ ಆಡಿಸಿದವರು ಅವರು, ಸುಮ್ಮನೆ ನಂಬಲಿಲ್ಲ.

ಅಲ್ಲಿ ಮೇಪಲ್ ಮರಕ್ಕೆ ತೂತು ಕೊರೆದು ಸಣ್ಣ ಕೊಳವೆ ಹೊಡೆದು, ಅದಕ್ಕೊಂದು ತಗಡಿನ ಬಕೆಟ್ ನೇತುಹಾಕಿದ್ದರು. ಈ ಬಕೆಟ್‌ಗಳು ಹೆಚ್ಚಾಗಿ ನಮ್ಮಂಥವರ ಫೋಟೋಗೆ. ಈಗ ಬಹುಪಾಲು ತೋಪುಗಳಲ್ಲಿ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಪೈಪು ಎಳೆದು, ಪಂಪು ಹಾಕಿ ರಸ ಸೆಳೆಯುತ್ತಾರೆ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ ಇದ್ದರಷ್ಟೇ ರಸ ಚೆನ್ನಾಗಿ ಹರಿಯುವುದು. ಮಾವ ಬೆರಳದ್ದಿ ನೆಕ್ಕಿ ನೋಡಿದರು.

'ಬರೀ ನೀರ್ ಕಣವ್ವ ಇದು. ಇದ್ರಾಗೆ ಬೆಲ್ಲ ಎಲ್ಲಿಂದ ಬಂದದು?'

ಕೇಳಿದ್ದು ಸರಿಯಾಗೇ ಇತ್ತು. ಆ ರಸದಲ್ಲಿ ಸಕ್ಕರೆ ಇರುವುದು ಶೇಕಡಾ 2ರ ಆಸುಪಾಸು. ಸುಮಾರು 40 ಲೀಟರ್ ಕಾಯಿಸಿದರೆ 1 ಲೀಟರ್ ಸಿರಪ್. 'ಸೌದೆ ದುಡ್ಡೂ ಹುಟ್ಟಲ್ಲ' ಎಂದು ಲೆಕ್ಕ ಹಾಕಿಬಿಟ್ಟರು.

ಕಾಯಿಸುವ ಮನೆಯೊಳಗೆ ಹೊಕ್ಕ ಮೇಲೆ ಮಾತ್ರ ಅವರು ಅಲ್ಲಿಂದ ಕದಲಲಿಲ್ಲ. ಉದ್ದನೆಯ ಸ್ಟೀಲ್ ಬಾಣಲೆ, ಅಡಿಯಲ್ಲಿ ಸೌದೆಯ ಉರಿ, ಸೂರಿನ ಕಿಂಡಿಯಿಂದ ಹಬೆ. ಕುದಿಯುವ ರಸ ಒಂದು ಅಂಕಣದಿಂದ ಇನ್ನೊಂದಕ್ಕೆ ಸಾಗುತ್ತಾ ಗಟ್ಟಿಯಾಗುತ್ತದೆ. ನೀರು ಕುದಿಯುವ ಬಿಸಿಗಿಂತ 4 ಡಿಗ್ರಿ ಹೆಚ್ಚು ಏರಿತೆಂದರೆ ಸಿರಪ್ ಹದ. ಒಲೆ ಮುಂದಿದ್ದಾತ ಥರ್ಮಾಮೀಟರ್ ನೋಡಿದರೂ ನಂಬಿದ್ದು ಕೈಯಲ್ಲಿದ್ದ ಅಗಲ ಸಟ್ಟುಗವನ್ನು. ಅದ್ದಿ ಎತ್ತಿ ಓರೆ ಮಾಡಿದ. ಹನಿ ಹನಿಯಾಗಿ ಉದುರಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿದ. ಈ ಸಲ ಹನಿಗಳು ಕೂಡಿಕೊಂಡು ಸಟ್ಟುಗದ ಅಂಚಿಗೆ ಪದರವಾಗಿ ನಿಂತವು. 'ಆಯ್ತು, ಇಳಿಸ್ಲಿ' ಎಂದರು ಮಾವ, ಆತ ತೂಬು ತಿರುಗಿಸುವ ಮೊದಲೇ. ಕೊಪ್ಪರಿಗೆ ಮುಂದೆ ನಿಂತವರಿಗೆ ಫ್ರೆಂಚ್ ಬೇಕಾಗಲಿಲ್ಲ.

ನೊರೆ ಉಕ್ಕಿದಾಗ ಆತ ಚಿಟಿಕೆ ಬೆಣ್ಣೆ ಹಾಕಿದ. ಹಿಂದೆಲ್ಲ ಇದಕ್ಕೆ ಹಂದಿ ಕೊಬ್ಬಿನ ತುಂಡನ್ನು ಬಾಣಲೆಯ ಮೇಲೆ ತೂಗುಬಿಡುತ್ತಿದ್ದರು ಎಂದು ತಿಳಿದು ಶಿರಸಿಯವರ ಮುಖ ಸಣ್ಣದಾಯಿತು.

ಊಟದ ಮನೆಯಲ್ಲಿ ಅವರ ಕಷ್ಟ ಇನ್ನೂ ಹೆಚ್ಚಿತು. ಬಟಾಣಿ ಸೂಪಿನಲ್ಲಿ ಹಂದಿ, ಬೀನ್ಸಿನಲ್ಲಿ ಹಂದಿ, ಕರುಂಕುರುಂ ಹುರಿದದ್ದೂ ಹಂದಿಯ ಚರ್ಮ. ಅವರಿಗೆ ಉಳಿದದ್ದು ಆಲೂಗಡ್ಡೆ, ಪ್ಯಾನ್‌ಕೇಕ್, ನಾನು ಕಟ್ಟಿಕೊಂಡು ಹೋಗಿದ್ದ ಒಬ್ಬಟ್ಟು. ಒಬ್ಬಟ್ಟಿನ ಮೇಲೆ ಸಿರಪ್ ಸುರಿದುಕೊಂಡು, 'ನಮ್ಮ ಜೋನಿ ಬೆಲ್ಲಕ್ಕೆ ಸಮ ಅಲ್ಲ ಬಿಡಿ' ಎನ್ನುತ್ತಲೇ ಜಗ್ ಖಾಲಿ ಮಾಡಿದರು. ನಮ್ಮವರಿಗೆ ಹ್ಯಾಮ್, ಸಾಸೇಜ್ ಬಂದವು, ಅದರ ಮೇಲೂ ಸಿರಪ್ಪೇ. 'ಬಾಡಿನ ಮೇಲೆ ಬೆಲ್ಲದ ಪಾಕ ಹುಯ್ಕೊಳ್ಳೋ ಜನ' ಎಂದು ಮಾವ ಬೆರಗಾದರು. ಚೀಲದಿಂದ ಅತ್ತೆ ಖಾರದ ಪುಡಿಯ ಡಬ್ಬಿ ತೆಗೆದ ಮೇಲೆ ಅದು ಹೊಸತೊಡಕಾಯಿತು.

ಮಕ್ಕಳಿಗೆ ಬೇಕಾದದ್ದು ಹೊರಗಿತ್ತು. ಇನ್ನೂ ಗಟ್ಟಿ ಕಾಯಿಸಿದ ಪಾಕವನ್ನು ಹಿಮದ ಮೇಲೆ ಸಾಲಾಗಿ ಸುರಿಯುತ್ತಾರೆ, ಅಲ್ಲೇ ಅಂಟಂಟಾಗುವ ಅದನ್ನು ಕಡ್ಡಿಗೆ ಸುತ್ತಿ ಚೀಪುವುದು. ಹಲ್ಲು ಕಟ್ಟಿಸಿಕೊಂಡವರು ದೂರ ಇರಿ.

ಈ ವಿದ್ಯೆ ಯುರೋಪಿನಿಂದ ಬಂದದ್ದಲ್ಲ, ಇಲ್ಲಿನ ಮೂಲನಿವಾಸಿಗಳದು. ಅನಿಶಿನಾಬೆ ಜನ ತಮ್ಮ ಚಾಂದ್ರಮಾನದ ಒಂದು ತಿಂಗಳನ್ನೇ ಸಕ್ಕರೆಯ ಹೆಸರಿನಿಂದ ಕರೆಯುತ್ತಾರೆ. ಅದೂ ಹೆಚ್ಚುಕಡಿಮೆ ನಮ್ಮ ಚೈತ್ರದ ಹೊತ್ತಿಗೇ ಬರುತ್ತದೆ. ಒಂದೇ ವ್ಯತ್ಯಾಸ: ಮೊಗ್ಗು ಉಬ್ಬಿದರೆ ಮೇಪಲ್ ರಸದ ರುಚಿ ಕೆಡುತ್ತದೆ. ನಾವು ಚಿಗುರು ಕಂಡು ಹಬ್ಬ ಮಾಡುತ್ತೇವೆ, ಇವರು ಚಿಗುರು ಕಂಡರೆ ಒಲೆ ಆರಿಸುತ್ತಾರೆ. ಏಪ್ರಿಲ್ ಕೊನೆಗೆ ಹೋದರೆ ಸಿಗುವುದು ಊಟವಷ್ಟೇ, ಉರಿಯಿರುವುದಿಲ್ಲ.

ರಾತ್ರಿ ಮನೆಯಲ್ಲಿ ಅಂದರ್-ಬಾಹರ್. ಯುಗಾದಿಯ ಜೂಜು ಬಿಡಬಾರದಲ್ಲ. ಮಕ್ಕಳಿದ್ದರೆಂದು ದುಡ್ಡಿನ ಬದಲು ಮೇಪಲ್ ಮಿಠಾಯಿ ಇಟ್ಟೆವು. ಅಷ್ಟನ್ನೂ ಮಾವನೇ ಗೆದ್ದರು. ಶುಗರ್ ಇರುವವರಿಗೆ ಇದೆಲ್ಲ ಯಾಕೆ ಎಂದು ಅತ್ತೆ ಡಬ್ಬಿಯನ್ನೇ ಕಿತ್ತಿಟ್ಟುಕೊಂಡರು.