ಕ್ಲಿಪ್ಪಿನ ಹಲ್ಲು ಲೋಹಕ್ಕೆ ತಾಗಿದೆಯೇ?

ಅಲ್ಯೂಮಿನಿಯಂ ಪುಡಿಯೂ ಲೋಹದ ಆಕ್ಸೈಡೂ ಬೆರೆತ ಮಿಶ್ರಣ (ಥರ್ಮೈಟ್) ಸ್ಥಿರ ವಿದ್ಯುತ್ತಿನ, ಅಂದರೆ ಕೂಡಿಕೊಂಡ ಚಾರ್ಜಿನ, ಕಿಡಿಗೂ ಹೊತ್ತಿಕೊಳ್ಳಬಹುದು. ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ದಿನ ಮೊದಲು ಕೈಗೆ ಬರಬೇಕಾದದ್ದು ಮಲ್ಟಿಮೀಟರ್. ಒಂದು ಪ್ರೋಬ್ ಆಲಿಕೆಯ ಅಂಚಿಗೆ, ಇನ್ನೊಂದು ಅರ್ಥಿಂಗ್ ಪಟ್ಟಿಗೆ. 10 ಓಮ್ ದಾಟಿದರೆ ಡಬ್ಬಿಯ ಮುಚ್ಚಳ ತೆಗೆಯುವಂತಿಲ್ಲ.

ಹೆಚ್ಚಿನ ಸಲ ತಪ್ಪು, ಆಲಿಕೆಯನ್ನು ಅರ್ಥಿಂಗಿಗೆ ಜೋಡಿಸುವ ಕ್ಲಿಪ್ಪಿನದೇ. ಬಗ್ಗಿ ನೋಡಿದರೆ ಅದರ ಹಲ್ಲು ಬಣ್ಣದ ಪದರದ ಮೇಲೆ ಕೂತಿರುತ್ತದೆ, ಲೋಹಕ್ಕೆ ಇಳಿದೇ ಇರುವುದಿಲ್ಲ. ಇಲ್ಲವೇ ನಡುವಿನ ರಬ್ಬರ್ ಗ್ಯಾಸ್ಕೆಟ್ ಆಲಿಕೆಯನ್ನು ಅರ್ಥಿಂಗಿನಿಂದ ಬೇರ್ಪಡಿಸಿ ಒಂಟಿ ಮಾಡಿರುತ್ತದೆ. ಹೀಗೆ ಒಂಟಿಯಾದ ಲೋಹಕ್ಕೇ ನಾವು ಎಲ್ಲಕ್ಕಿಂತ ಹೆಚ್ಚು ಹೆದರಬೇಕು. ಪ್ಲಾಸ್ಟಿಕ್ ತನ್ನ ಚಾರ್ಜನ್ನು ಅಷ್ಟಿಷ್ಟಾಗಿ ಬಿಟ್ಟರೆ, ಲೋಹ ಅಷ್ಟನ್ನೂ ಒಂದೇ ಕಿಡಿಯಲ್ಲಿ ಸುರಿದುಬಿಡುತ್ತದೆ. ಹಾಗೆಂದು ಪ್ಲಾಸ್ಟಿಕ್ ಸ್ಕೂಪ್, ಪಾಲಿಥಿನ್ ಚೀಲ ಬಳಸುವಂತೆಯೂ ಇಲ್ಲ. ಅವಕ್ಕೆ ಅರ್ಥಿಂಗ್ ಕೊಟ್ಟರೂ ಚಾರ್ಜ್ ಇಳಿಯುವುದಿಲ್ಲ.

ಇನ್ನು ಕೆಲಸ ಮಾಡುವವರ ಮೈ. ಚಾರ್ಜ್ ಹಿಡಿದಿಡುವ ಅದರ ಸಾಮರ್ಥ್ಯ (ಕೆಪಾಸಿಟೆನ್ಸ್) 150 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ, 10,000 ವೋಲ್ಟ್ ಏರಿದಾಗ ಅದರಲ್ಲಿ 7.5 ಮಿಲಿಜೂಲ್ ಶಕ್ತಿ ಇರುತ್ತದೆ. ಸುಮಾರು 3,000 ವೋಲ್ಟ್‌ವರೆಗೆ ಬೆರಳಿಗೆ ಚುರುಕ್ ಎನ್ನುವುದೂ ಇಲ್ಲ. ಅಷ್ಟರಲ್ಲೇ 0.7 ಮಿಲಿಜೂಲ್‌ನಷ್ಟು ಶಕ್ತಿ ಇರುತ್ತದೆ. ಅತಿ ಸೂಕ್ಷ್ಮವಾದ ನ್ಯಾನೋ ಕಣಗಳ ಕೆಲವು ಮಿಶ್ರಣಗಳು ಹೊತ್ತಿಕೊಳ್ಳಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಶಾಕ್ ಹೊಡೆಯಲಿಲ್ಲ ಎಂಬ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. 1 ಮೆಗಾಓಮ್ ರೆಸಿಸ್ಟರ್ ಇರುವ ಮಣಿಕಟ್ಟಿನ ಪಟ್ಟಿ ಕಟ್ಟಿ, ದಿನವೂ ಟೆಸ್ಟರಿಗೆ ಹಚ್ಚಿ ನೋಡಿ. ಅದರ ತಂತಿ, ಪಟ್ಟಿಗೆ ಸೇರುವ ಗುಂಡಿಯ ಬುಡದಲ್ಲಿ, ಕಣ್ಣಿಗೆ ಕಾಣದಂತೆ, ಒಳಗೇ ತುಂಡಾಗುತ್ತದೆ.

ಗಾಳಿಯಲ್ಲಿ 50–60% ತೇವಾಂಶವಿದ್ದರೆ ಚಾರ್ಜ್ ನಿಲ್ಲುವುದು ಕಡಿಮೆ. ಆದರೆ ಪುಡಿಗೇ ನೀರು ಸೋಕಬಾರದು: ಅಲ್ಯೂಮಿನಿಯಂ ನೀರಿನೊಡನೆ ಸೇರಿ ಹೈಡ್ರೋಜನ್ ಬಿಡುತ್ತದೆ.

ಮಿಶ್ರಣಕ್ಕೇ ಕಾರ್ಬನ್ ನ್ಯಾನೋಟ್ಯೂಬ್ (ವಿದ್ಯುತ್ ಹರಿಯಬಲ್ಲ ಅತಿ ಸಣ್ಣ ಇಂಗಾಲದ ಎಳೆಗಳು) ಸೇರಿಸಿ ಚಾರ್ಜಿಗೆ ದಾರಿ ಮಾಡಿಕೊಡುವುದೂ ಉಂಟು. ಅದು ಒಳ್ಳೆಯ ಉಪಾಯವೇ, ಆದರೆ ಎಳೆಗಳು ಒಂದಕ್ಕೊಂದು ತಾಗಿ ಜಾಲವಾದರೆ ಮಾತ್ರ. ಗಂಟುಗಂಟಾಗಿ ಉಳಿದರೆ ಪ್ರಯೋಜನವಿಲ್ಲ. ವಾಹಕತೆ ಏರಿದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. ಪ್ರತಿ ಹೊಸ ಮಿಶ್ರಣಕ್ಕೂ, ಎಷ್ಟು ಕಿಡಿಗೆ ಹೊತ್ತಿಕೊಳ್ಳುತ್ತದೆ ಎಂದು ನೋಡುವ ಕಿಡಿ ಪರೀಕ್ಷೆ ಹೊಸದಾಗಿಯೇ ಆಗಬೇಕು.

ಹೊತ್ತಿಕೊಂಡರೆ ಮುಚ್ಚಿ ಆರಿಸಲಾಗದು, ಆಮ್ಲಜನಕ ಆಕ್ಸೈಡಿನಲ್ಲೇ ಇದೆ. ಅದಕ್ಕೇ ಮೇಜಿನ ಮೇಲೆ ಆ ಹೊತ್ತಿಗೆ ಬೇಕಾದಷ್ಟೇ ಪುಡಿ, ಮುಂದೆ ರಕ್ಷಣಾ ಪರದೆ. ನಿಧಾನವಾಗಿ ಸುರಿದು, ಡಬ್ಬಿ ಮುಚ್ಚಿ, ಆಲಿಕೆಗೆ ಅಂಟಿದ ಪುಡಿಯನ್ನೂ ತೆಗೆದ ಮೇಲೆಯೇ ಅರ್ಥಿಂಗ್ ಕ್ಲಿಪ್ ಬಿಚ್ಚುವುದು.