ಕಬ್ಬಿನ ದರ, ಕಟಾವಿನ ಕೂಲಿ
2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ನಾವು ರೈತರು ಕಬ್ಬಿಗೆ ಟನ್ನಿಗೆ 3500 ರೂಪಾಯಿ ಕೇಳಿದ್ದೆವು, ಸಿಕ್ಕಿದ್ದು 3300. ಮೊದಲು ಹೇಳಿದ್ದ 3200ರ ಮೇಲೆ ಕಾರ್ಖಾನೆಯವರು 50, ಸರ್ಕಾರ 50 ಹಾಕಿತು. ಸೋತ್ರಿ ಅಂತ ಕೆಲವರು ಅಂದರು. ನಾನು ಒಪ್ಪಲ್ಲ. ಒಬ್ಬೊಬ್ಬರೇ ಕಾರ್ಖಾನೆ ಗೇಟಿಗೆ ಹೋಗಿ ಕೇಳಿದ್ದರೆ ಯಾರೂ ಕಿವಿ ಕೊಡ್ತಿರಲಿಲ್ಲ, ಸಾವಿರಾರು ಜನ ರಸ್ತೆ ಮೇಲೆ ಕೂತು ಒಟ್ಟಿಗೆ ರೊಟ್ಟಿ ತಿಂದಿದ್ದಕ್ಕೇ ಮುಖ್ಯಮಂತ್ರಿ ಸಭೆ ಕರೆದರು, ಅಲ್ವಾ?

ನಿನ್ನೆ ನಮ್ಮ ಹೊಲಕ್ಕೆ ಕಟಾವಿನ ಗ್ಯಾಂಗ್ ಬಂತು. ಒಬ್ಬ ಹೆಣ್ಣುಮಗಳು ರವದಿ (ಕಬ್ಬಿನ ಒಣ ಗರಿ) ಮೇಲೆ ಕೂಸು ಮಲಗಿಸಿ ಕೆಲಸಕ್ಕೆ ನಿಂತಳು. ಬೆರಳಿಗೆಲ್ಲ ಹಳೇ ಸೀರೆ ಚೂರು ಸುತ್ತಿದ್ದಳು.

"ನಿಮ್ಮ ಕೂಲಿ ಎಷ್ಟು ಜಾಸ್ತಿ ಆಯ್ತು ಅಕ್ಕಾ?"

"ಮುಕಾದಮ್‌ಗೆ, ನಮ್ಮ ಗ್ಯಾಂಗ್ ಮೇಸ್ತ್ರಿಗೆ, ಗೊತ್ತ್ರಿ ಅಣ್ಣಾ."

ಅಷ್ಟು ದಿನ ರಸ್ತೆಯಲ್ಲಿ ಕೂತಿದ್ದೆ, ಇವರ ಕೂಲಿ ಮಾತು ನನ್ನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.